ಬಕೆಟ್ ಬಾರಿಸಿದ ಸಿಸ್ಟರ್‌ಗಳು

ಇವತ್ತಿನ ಮಾತು ಅಮೆರಿಕದ ಸಣ್ಣ ಕ್ಯಾಥೊಲಿಕ್ ಕಾಲೇಜುಗಳ ಬಗ್ಗೆ. ಒಂದು ಬಾಸ್ಕೆಟ್‌ಬಾಲ್ ಕಥೆಯಿಂದ ಶುರು ಮಾಡುತ್ತೇನೆ. ಧರ್ಮ, ಶಿಕ್ಷಣ ಎಲ್ಲ ಆಮೇಲೆ.

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ಇಮ್ಯಾಕ್ಯುಲಾಟ ಅಂತ ಒಂದು ಕ್ಯಾಥೊಲಿಕ್ ಕಾಲೇಜು. 1920ರಲ್ಲಿ ಕನ್ಯಾಸ್ತ್ರೀಯರ ಒಂದು ಸಂಘ ಹೆಣ್ಣುಮಕ್ಕಳಿಗಾಗಿ ಕಟ್ಟಿದ್ದು. 1970ರ ಸುಮಾರಿಗೆ ಅಲ್ಲಿ ಸಾವಿರ ವಿದ್ಯಾರ್ಥಿನಿಯರೂ ಇರಲಿಲ್ಲ. ಒಳಾಂಗಣ ಕ್ರೀಡಾಂಗಣ ಒಂದಿತ್ತು, ಅದು 1967ರಲ್ಲಿ ಬೆಂಕಿಗೆ ಹೋಯಿತು. ಹುಡುಗಿಯರು ಕಾನ್ವೆಂಟಿನ ನೆಲಮಾಳಿಗೆಯಲ್ಲಿ ಅಭ್ಯಾಸ ಮಾಡುತ್ತಿದ್ದರು. ತೊಡುತ್ತಿದ್ದದ್ದು ಉಣ್ಣೆಯ ಟ್ಯೂನಿಕ್. ಉಣ್ಣೆ ಹಾಕಿಕೊಂಡು ಬಾಸ್ಕೆಟ್‌ಬಾಲ್ ಆಡುವುದನ್ನು ಸುಮ್ನೆ ಒಂದು ಸಲ ಊಹಿಸಿಕೊಳ್ಳಿ. 1970ರಲ್ಲಿ ಕ್ಯಾಥಿ ರಶ್ ಅನ್ನುವ ಇಪ್ಪತ್ತು ದಾಟಿದ ಹುಡುಗಿ ಕೋಚ್ ಆಗಿ ಬಂದರು. ಸಂಬಳ ಇಡೀ ಸೀಸನ್ನಿಗೆ 450 ಡಾಲರ್.

1972ರ ಮಾರ್ಚ್‌ನಲ್ಲಿ ಕಾಲೇಜು ಹೆಣ್ಣುಮಕ್ಕಳಿಗೆ ಒಂದು ರಾಷ್ಟ್ರೀಯ ಟೂರ್ನಮೆಂಟ್ ಶುರುವಾಯಿತು. ಮೊದಲ ವರ್ಷ ಅದು. 16 ತಂಡಗಳು. ಇಮ್ಯಾಕ್ಯುಲಾಟಕ್ಕೆ ಕೊಟ್ಟ ಶ್ರೇಯಾಂಕ 15. ಇಲಿನಾಯ್ಸ್‌ಗೆ ವಿಮಾನದಲ್ಲಿ ಹೋಗಬೇಕು, ಕೈಯಲ್ಲಿ ದುಡ್ಡಿಲ್ಲ. ಹುಡುಗಿಯರು ಟೂತ್‌ಬ್ರಷ್ ಮಾರಿದರು. ಆದರೂ ಎಲ್ಲರಿಗೂ ಟಿಕೆಟ್ ಹೊಂದಲಿಲ್ಲ, ಎಂಟು ಆಟಗಾರ್ತಿಯರು ಮಾತ್ರ ಹೊರಟರು. ಅದೂ ಸೀಟು ಖಾಲಿ ಉಳಿದರೆ ಹತ್ತಿಸುವ ಟಿಕೆಟ್ಟಿನಲ್ಲಿ.

ಫೈನಲ್ಲಿನಲ್ಲಿ ಎದುರಾದದ್ದು ವೆಸ್ಟ್ ಚೆಸ್ಟರ್. ಅದು ಇವರ ನೆರೆಯ ಕಾಲೇಜು, ಸರ್ಕಾರಿ, ದೊಡ್ಡದು. ಸ್ವಲ್ಪ ದಿನದ ಹಿಂದಷ್ಟೇ ಅದೇ ತಂಡ ಇವರನ್ನು 32 ಅಂಕಗಳಿಂದ ಸೋಲಿಸಿತ್ತು. ಈ ಸಲ ಇಮ್ಯಾಕ್ಯುಲಾಟ 52–48ರಲ್ಲಿ ಗೆದ್ದಿತು. 1973ರಲ್ಲೂ ಗೆದ್ದಿತು, 1974ರಲ್ಲೂ ಗೆದ್ದಿತು. 1975ರ ಫೆಬ್ರುವರಿಯಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಮೊದಲ ಸಲ ಕಾಲೇಜು ಹೆಣ್ಣುಮಕ್ಕಳ ಪಂದ್ಯ ನಡೆದಾಗ ಆಡಿದ ಎರಡು ತಂಡಗಳಲ್ಲಿ ಒಂದು ಇವರದು. ಸುಮಾರು 12,000 ಜನ ನೋಡಲು ಬಂದಿದ್ದರು.

ಇಷ್ಟು ದಾಖಲೆಯ ಮಾತು. ನನ್ನನ್ನು ಹಿಡಿದದ್ದು ಬೇರೆ. ಆ ಪಂದ್ಯಗಳಿಗೆ ಸಿಸ್ಟರ್‌ಗಳು ಬರುತ್ತಿದ್ದರು. ನಿಲುವಂಗಿ ತೊಟ್ಟು, ಸಾಲಾಗಿ ಕೂತು, ತಗಡಿನ ಬಕೆಟ್‌ಗಳನ್ನು ಬಾರಿಸುತ್ತಿದ್ದರು. ಬಕೆಟ್ ಒದಗಿಸಿದ್ದು ಒಬ್ಬ ಆಟಗಾರ್ತಿಯ ಅಪ್ಪ, ಅವರದು ಹಾರ್ಡ್‌ವೇರ್ ಅಂಗಡಿ. ಒಂದು ಕೈಯಲ್ಲಿ ಜಪಮಾಲೆ, ಇನ್ನೊಂದು ಕೈಯಲ್ಲಿ ಬಕೆಟ್ ಬಾರಿಸುವ ಕೋಲು. ಎದುರು ತಂಡಕ್ಕೆ ಪಾಪ, ಯಾವುದಕ್ಕೆ ಹೆದರಬೇಕು ಅಂತ ತಿಳಿಯುತ್ತಿರಲಿಲ್ಲವೇನೋ.

ಆ ಸಿಸ್ಟರ್‌ಗಳು ಯಾರು? ಸೋಮವಾರ ಬೆಳಿಗ್ಗೆ ಅದೇ ಹುಡುಗಿಯರಿಗೆ ರಸಾಯನಶಾಸ್ತ್ರ ಹೇಳಿಕೊಡುವವರು. ಲೈಬ್ರರಿ ನೋಡಿಕೊಳ್ಳುವವರು. ಫೀಸಿನ ಲೆಕ್ಕ ಬರೆಯುವವರು. ನೋಡಲು ಬಂದವರೂ ಸುಮ್ಮನೆ ನೋಡುತ್ತಾ ಕೂರಲು ಆಗದ ಜಾಗ ಅದು. ಸಣ್ಣ ಕಾಲೇಜಿನ ಬಗ್ಗೆ ನಾನು ಇವತ್ತು ಹೇಳಬೇಕೆಂದಿರುವುದೆಲ್ಲ ಹೆಚ್ಚುಕಡಿಮೆ ಆ ಬಕೆಟ್ಟಿನೊಳಗೇ ಇದೆ.

ನನಗೇಕೆ ಈ ವಿಷಯ ಅಂತ ನೀವು ಕೇಳಬಹುದು. ನಾನು ಕ್ಯಾಥೊಲಿಕ್ ಅಲ್ಲ. ಅಮೆರಿಕದಲ್ಲಿ ಇಂಥದೇ ಒಂದು ಸಣ್ಣ ಕಾಲೇಜಿನಲ್ಲಿ ಮೂರು ವರ್ಷ ಗಣಿತ ಕಲಿಸಿದ್ದೆ. ಹೆಸರು ಹೇಳುವುದಿಲ್ಲ, ಯಾಕೆಂದು ಆಮೇಲೆ ಗೊತ್ತಾಗುತ್ತದೆ. ಹೋದ ಮೊದಲ ವಾರವೇ ಒಬ್ಬ ವಯಸ್ಸಾದ ಸಿಸ್ಟರ್ ಬಂದು, ‘ನಿಮ್ಮ ದನಿ ಯಾವ ಶ್ರುತಿ?’ ಎಂದು ಕೇಳಿದರು. ನನಗೆ ಹಾಡಲು ಬರುವುದಿಲ್ಲ ಅಂದೆ. ‘ಅದನ್ನು ಕೇಳಲಿಲ್ಲ’ ಅಂದರು. ಮುಂದಿನ ಮಂಗಳವಾರ ನಾನು ಕಾಯರ್‌ನ, ಅಂದರೆ ಕಾಲೇಜಿನ ಹಾಡುವ ತಂಡದ, ಹಿಂದಿನ ಸಾಲಿನಲ್ಲಿ ನಿಂತಿದ್ದೆ. ಗಂಡು ದನಿ ನಾಲ್ಕೇ ಇದ್ದವು, ಐದನೆಯದು ಬೇಕಿತ್ತು. ಅಷ್ಟೇ ಅರ್ಹತೆ.

ದೊಡ್ಡ ವಿಶ್ವವಿದ್ಯಾಲಯದಲ್ಲಿ ಕಾಯರ್‌ಗೆ ಸೇರಲು ಪರೀಕ್ಷೆ ಇರುತ್ತದೆ. ನಾಟಕಕ್ಕೆ ನಾಟಕ ಓದುವವರು, ಪತ್ರಿಕೆಗೆ ಪತ್ರಿಕೋದ್ಯಮ ಓದುವವರು. ಇಲ್ಲಿ ಹಾಗಾಗುವುದಿಲ್ಲ. ನಮ್ಮಲ್ಲಿ ಒಂದು ನಾಟಕ ನಡೆದಾಗ ಲೈಟಿಂಗ್ ಮಾಡಿದ್ದು ಜೀವಶಾಸ್ತ್ರದ ಮೇಷ್ಟ್ರು. ಮುಖ್ಯ ಪಾತ್ರದ ಹುಡುಗನಿಗೆ ಶನಿವಾರ ಫುಟ್‌ಬಾಲ್ ಪಂದ್ಯ ಇತ್ತು, ಅದಕ್ಕೆ ನಾಟಕವನ್ನೇ ಭಾನುವಾರಕ್ಕೆ ಹಾಕಿದರು. ಅವನು ಕಾಲಿಗೆ ಪಟ್ಟಿ ಕಟ್ಟಿಕೊಂಡು ಬಂದ. ನಾಟಕದಲ್ಲಿ ಅವನು ರಾಜ. ಕುಂಟುವ ರಾಜನೇ ಆಗಲಿ ಅಂತ ನಿರ್ದೇಶಕಿ ಒಂದು ಮಾತು ಸೇರಿಸಿದರು, ಜನ ಚಪ್ಪಾಳೆ ಹೊಡೆದರು. ನಾಟಕ ಚೆನ್ನಾಗಿತ್ತಾ? ಇರಲಿಲ್ಲ. ಆದರೆ ಆ ಹುಡುಗ ಬೇರೆ ಎಲ್ಲೇ ಓದಿದ್ದರೂ ಜನ್ಮದಲ್ಲಿ ವೇದಿಕೆ ಹತ್ತುತ್ತಿರಲಿಲ್ಲ.

ಈ ವಿಷಯದಲ್ಲಿ ಹಳೆಯ ಮಾತೊಂದಿದೆ. ಇಂಗ್ಲೆಂಡಿನ ಕ್ಯಾಥೊಲಿಕ್ ಪಾದ್ರಿ ಜಾನ್ ಹೆನ್ರಿ ನ್ಯೂಮನ್ 1852ರಲ್ಲಿ ಡಬ್ಲಿನ್‌ನಲ್ಲಿ ಕೆಲವು ಉಪನ್ಯಾಸ ಕೊಟ್ಟರು. ಅಲ್ಲಿ ಹೊಸದಾಗಿ ಒಂದು ಕ್ಯಾಥೊಲಿಕ್ ವಿಶ್ವವಿದ್ಯಾಲಯ ಆಗಬೇಕಿತ್ತು, ಅದಕ್ಕೆ ಇವರೇ ಮೊದಲ ರೆಕ್ಟರ್, ಅಂದರೆ ಮುಖ್ಯಸ್ಥ. ಅವರು ಕೇಳುಗರ ಮುಂದೆ ಎರಡು ಸಂಸ್ಥೆಗಳನ್ನು ಇಟ್ಟರು. ಒಂದರಲ್ಲಿ ಯಾರೂ ಒಟ್ಟಿಗೆ ವಾಸ ಮಾಡುವುದಿಲ್ಲ, ಹತ್ತಿರದಿಂದ ನೋಡಿಕೊಳ್ಳುವವರಿಲ್ಲ. ಹತ್ತಾರು ವಿಷಯದ ಪರೀಕ್ಷೆ ಬರೆದವರಿಗೆ ಪದವಿ ಕೊಟ್ಟು ಕಳಿಸುತ್ತಾರೆ. ಇನ್ನೊಂದರಲ್ಲಿ ಪ್ರಾಧ್ಯಾಪಕರೂ ಇಲ್ಲ, ಪರೀಕ್ಷೆಯೂ ಇಲ್ಲ. ಹುಡುಗರನ್ನು ಮೂರು-ನಾಲ್ಕು ವರ್ಷ ಒಂದು ಕಡೆ ಸೇರಿಸಿ ಆಮೇಲೆ ಮನೆಗೆ ಕಳಿಸುತ್ತಾರೆ, ಅಷ್ಟೇ. ಬುದ್ಧಿ ಬೆಳೆಸುವುದರಲ್ಲಿ ಯಾವುದು ಮೇಲು? ಎರಡನೆಯದೇ ಅಂದರು ನ್ಯೂಮನ್. ಹುಡುಗರು ಒಟ್ಟಿಗಿದ್ದರೆ ಒಬ್ಬರಿಂದ ಒಬ್ಬರು ಕಲಿತೇ ಕಲಿಯುತ್ತಾರೆ ಅನ್ನುವುದು ಅವರ ವಾದ.

ಪಾಠ ಮಾಡಿ ಹೊಟ್ಟೆ ಹೊರೆದವನಿಗೆ ಇದು ಅಷ್ಟೇನೂ ಹಿತವಾದ ಮಾತಲ್ಲ. ಆದರೂ ಕಣ್ಣಾರೆ ಕಂಡಿದ್ದೇನೆ. ನಾನು ಮೂರು ಸಲ ಹೇಳಿಕೊಟ್ಟರೂ ತಲೆಗೆ ಹೋಗದ ಲೆಕ್ಕ, ರಾತ್ರಿ ಹಾಸ್ಟೆಲಿನ ಮೆಟ್ಟಿಲ ಮೇಲೆ ಇನ್ನೊಬ್ಬ ಹುಡುಗಿ ಹೇಳಿದಾಗ ಐದು ನಿಮಿಷದಲ್ಲಿ ಹೋಗಿರುತ್ತಿತ್ತು.

ಕ್ಯಾಲಿಫೋರ್ನಿಯಾದಲ್ಲಿ ಥಾಮಸ್ ಅಕ್ವೈನಸ್ ಕಾಲೇಜು ಅಂತ ಇದೆ, 1971ರಲ್ಲಿ ಶುರುವಾದದ್ದು. ನ್ಯೂಮನ್ ಮಾತನ್ನು ಅವರು ಅರ್ಧ ನಿಜ ಮಾಡಿದ್ದಾರೆ. ಅಲ್ಲಿ ತರಗತಿಯಲ್ಲಿ ಉಪನ್ಯಾಸವೇ ಇಲ್ಲ. ಪಠ್ಯಪುಸ್ತಕವೂ ಇಲ್ಲ. ಒಂದು ಮೇಜಿನ ಸುತ್ತ ಕೂತು ಯೂಕ್ಲಿಡ್, ಅರಿಸ್ಟಾಟಲ್, ನ್ಯೂಟನ್ ಬರೆದದ್ದನ್ನೇ ನೇರವಾಗಿ ಓದಿ ವಾದ ಮಾಡಬೇಕು. ಐಚ್ಛಿಕ ವಿಷಯ ಅನ್ನುವುದೇ ಇಲ್ಲ, ನಾಲ್ಕು ವರ್ಷ ಎಲ್ಲರಿಗೂ ಒಂದೇ ಪಾಠ. ಇದರಿಂದ ಏನಾಗುತ್ತದೆ ಅಂದರೆ, ಊಟದ ಹಾಲಿನಲ್ಲಿ ಯಾರ ಪಕ್ಕ ಕೂತರೂ ಅವರು ನೀವು ಓದಿದ್ದನ್ನೇ ಓದಿರುತ್ತಾರೆ. ಮಾತು ಹುಡುಕಬೇಕಾಗಿಲ್ಲ. ನನಗೆ ಈ ಪದ್ಧತಿಯ ಮೇಲೆ ತಕರಾರುಗಳಿವೆ. ಎಲ್ಲರೂ ಒಂದೇ ಪುಸ್ತಕ ಓದಿದರೆ ಪುಸ್ತಕದಾಚೆಗಿನ ಮಾತು ತರುವವರು ಯಾರು? ಅದು ಬೇರೆ ದಿನದ ಜಗಳ, ಬಿಡಿ.

ಈಗ ಇನ್ನೊಬ್ಬ ಸಿಸ್ಟರ್ ಕಥೆ. ಇವರ ಹೆಸರು ಮೇರಿ ಕೆನೆತ್ ಕೆಲ್ಲರ್. ಹುಟ್ಟಿದ್ದು 1913ರಲ್ಲಿ, ಕಾನ್ವೆಂಟ್ ಸೇರಿದ್ದು 1932ರಲ್ಲಿ. ಗಣಿತ ಓದಿದರು, ಕಲಿಸಿದರು. 1965ರ ಜೂನ್ 7ರಂದು ವಿಸ್ಕಾನ್ಸಿನ್ ವಿಶ್ವವಿದ್ಯಾಲಯ ಅವರಿಗೆ ಕಂಪ್ಯೂಟರ್ ವಿಜ್ಞಾನದಲ್ಲಿ ಡಾಕ್ಟರೇಟ್ ಕೊಟ್ಟಿತು. ಅಮೆರಿಕದಲ್ಲಿ ಆ ವಿಷಯದಲ್ಲಿ ಡಾಕ್ಟರೇಟ್ ಪಡೆದ ಮೊದಲ ಹೆಂಗಸು ಅವರೇ. ಆಗ ಅವರ ವಯಸ್ಸು 51.

ಇಷ್ಟು ಓದಿದವರು ಎಲ್ಲಿಗೆ ಹೋಗಬೇಕಿತ್ತು? ಯಾವುದಾದರೂ ದೊಡ್ಡ ವಿಶ್ವವಿದ್ಯಾಲಯಕ್ಕೋ ಕಂಪನಿಗೋ ಹೋಗಬಹುದಿತ್ತು ಅಲ್ವಾ? ಅವರು ಹೋಗಿದ್ದು ಅಯೋವಾದ ಡಬ್ಯೂಕ್ ಎಂಬ ಊರಿನ ಕ್ಲಾರ್ಕ್ ಕಾಲೇಜಿಗೆ. ಅವರದೇ ಸಂಘದ ಸಿಸ್ಟರ್‌ಗಳು ನಡೆಸುತ್ತಿದ್ದ ಹೆಣ್ಣುಮಕ್ಕಳ ಕಾಲೇಜು ಅದು. ಕಂಪ್ಯೂಟರ್ ಅಂದರೆ ಕೋಣೆ ತುಂಬುವ ಯಂತ್ರ, ಅದು ಸೇನೆಗೆ, ಬ್ಯಾಂಕಿಗೆ ಅಂತ ಜನ ಅಂದುಕೊಂಡಿದ್ದ ಕಾಲ. ಕೆಲ್ಲರ್ ಅಲ್ಲಿ ಕಂಪ್ಯೂಟರ್ ವಿಜ್ಞಾನದ ವಿಭಾಗ ಶುರು ಮಾಡಿ 20 ವರ್ಷ ನಡೆಸಿದರು. ಕಂಪ್ಯೂಟರ್ ಎಲ್ಲರಿಗೂ ಬರಬೇಕು, ಹೆಂಗಸರಿಗೆ ಮುಖ್ಯವಾಗಿ ಬರಬೇಕು ಅನ್ನುವುದು ಅವರ ಹಟ. ಕೆಲಸಕ್ಕೆ ಹೋಗುವ ತಾಯಂದಿರಿಗೆ ‘ಮಗುವನ್ನೂ ತರಗತಿಗೆ ಕರೆದುಕೊಂಡು ಬನ್ನಿ’ ಅನ್ನುತ್ತಿದ್ದರಂತೆ. 1985ರಲ್ಲಿ ತೀರಿಕೊಂಡರು.

ಸಣ್ಣ ಕಾಲೇಜಿಗೆ ಹೋದದ್ದರಿಂದ ಕೆಲ್ಲರ್ ಏನೋ ಕಳೆದುಕೊಂಡರು ಅಂತ ಕೆಲವರು ಮರುಗುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ದೊಡ್ಡ ಕಡೆ ಹೋಗಿದ್ದರೆ ಹತ್ತು ಸಮಿತಿಗಳನ್ನು ಕೇಳಬೇಕಿತ್ತು. ಇಲ್ಲಿ ಒಂದು ಹೊಸ ವಿಭಾಗ ಬೇಕೆಂದರೆ ಒಪ್ಪಿಸಬೇಕಾದ ಜನರ ಜೊತೆ ಅವರು ದಿನಾ ಊಟ ಮಾಡುತ್ತಿದ್ದರು.

ಊಟ ಅಂದಕೂಡಲೇ ಸಂತ ಬೆನೆಡಿಕ್ಟ್ ನೆನಪಾಗುತ್ತಾರೆ. ಸ್ವಲ್ಪ ದಾರಿ ತಪ್ಪುತ್ತೇನೆ, ಕ್ಷಮಿಸಿ. ಆರನೇ ಶತಮಾನದಲ್ಲಿ ಇಟಲಿಯಲ್ಲಿ ಅವರು ತಮ್ಮ ಮಠದವರಿಗೆ ನಿಯಮ ಬರೆದರು. ಅದರಲ್ಲಿ ಅಡುಗೆಮನೆಗೆ ಅಂತಲೇ ಒಂದು ಅಧ್ಯಾಯ ಇದೆ. ಎಲ್ಲರೂ ವಾರದ ಸರದಿಯಲ್ಲಿ ಅಡುಗೆಮನೆ ಕೆಲಸ ಮಾಡಬೇಕು. ಕಾಯಿಲೆ ಇರಬೇಕು, ಇಲ್ಲ ಬೇರೆ ದೊಡ್ಡ ಜವಾಬ್ದಾರಿ ಇರಬೇಕು, ಆಗ ಮಾತ್ರ ರಿಯಾಯಿತಿ. ವಾರ ಮುಗಿಸಿದವನು ಕೈಕಾಲು ಒರೆಸುವ ಬಟ್ಟೆ ಒಗೆದು, ಪಾತ್ರೆಗಳನ್ನು ಸ್ವಚ್ಛವಾಗಿ ಉಗ್ರಾಣ ನೋಡಿಕೊಳ್ಳುವವನಿಗೆ ಒಪ್ಪಿಸಬೇಕು. ಇನ್ನೊಂದು ಕಡೆ, ಮಠದಲ್ಲಿ ಮುಖ್ಯವಾದ ವಿಷಯ ಬಂದರೆ ಎಲ್ಲರನ್ನೂ ಕರೆದು ಕೇಳಬೇಕು, ಎಷ್ಟೋ ಸಲ ಒಳ್ಳೆಯದು ಯಾವುದೆಂದು ದೇವರು ಎಲ್ಲರಿಗಿಂತ ಚಿಕ್ಕವನಿಗೇ ತಿಳಿಸುತ್ತಾನೆ ಅಂತಲೂ ಬರೆದಿದ್ದಾರೆ. ನಮ್ಮ ಸ್ಟಾಫ್ ಮೀಟಿಂಗಿನಲ್ಲಿ ಚಿಕ್ಕವನು ನಾನೇ. ದೇವರು ನನಗೆ ಏನನ್ನೂ ತಿಳಿಸಿದ ನೆನಪಿಲ್ಲ, ಆದರೆ ಕೇಳಿದ್ದಂತೂ ಹೌದು.

ಬೆನೆಡಿಕ್ಟೈನ್ ಸನ್ಯಾಸಿಗಳು ಇನ್ನೊಂದು ವ್ರತ ತೆಗೆದುಕೊಳ್ಳುತ್ತಾರೆ. ಸೇರಿದ ಮಠದಲ್ಲೇ ಸಾಯುವವರೆಗೆ ಇರುತ್ತೇನೆ ಅನ್ನುವ ವ್ರತ. ಇದರ ಬೆಲೆ ತಿಳಿಯಬೇಕಾದರೆ ಮಿನೆಸೋಟಾದ ಸೇಂಟ್ ಜಾನ್ಸ್‌ಗೆ ಹೋಗಬೇಕು. ಅದು ಬೆನೆಡಿಕ್ಟೈನರು 1857ರಲ್ಲಿ ಕಟ್ಟಿದ ಸಂಸ್ಥೆ. ಹತ್ತಿರದಲ್ಲೇ ಅದೇ ಪಂಥದ ಸಿಸ್ಟರ್‌ಗಳ ಸೇಂಟ್ ಬೆನೆಡಿಕ್ಟ್ ಕಾಲೇಜು, ಎರಡೂ ಕಡೆಯ ಹುಡುಗ ಹುಡುಗಿಯರು ಒಟ್ಟಿಗೆ ಪಾಠ ಕೇಳುತ್ತಾರೆ. 1965ರಲ್ಲಿ ಅಲ್ಲಿನ ಸನ್ಯಾಸಿಗಳಿಗೆ ಒಂದು ಚಿಂತೆ ಹತ್ತಿತು. ಯುರೋಪಿನ ಮಠಗಳಲ್ಲಿರುವ ಹಸ್ತಪ್ರತಿಗಳ ಗತಿ ಏನು? ಎರಡನೇ ಮಹಾಯುದ್ಧದಲ್ಲಿ ಎಷ್ಟೋ ಸುಟ್ಟುಹೋಗಿದ್ದವು. ಇನ್ನೊಂದು ಯುದ್ಧ ಬಂದರೆ, ಅದೂ ಅಣುಯುದ್ಧ, ಏನೂ ಉಳಿಯುವುದಿಲ್ಲ. ಆಸ್ಟ್ರಿಯಾಕ್ಕೆ ಹೋಗಿ ಒಂದೊಂದೇ ಪುಟವನ್ನು ಮೈಕ್ರೋಫಿಲ್ಮ್ ಮಾಡಲು ಶುರು ಮಾಡಿದರು. ಅಲ್ಲಿಂದ ಕೆಲಸ ಇಥಿಯೋಪಿಯಾಕ್ಕೆ ಹರಡಿತು. ಆಮೇಲೆ ಡಿಜಿಟಲ್ ಕ್ಯಾಮರಾ ಬಂತು. ಲೆಬನಾನ್, ಸಿರಿಯಾ, ಇರಾಕ್, ಕೇರಳದ ಸಿರಿಯಾಕ್ ಭಾಷೆಯ ಹಸ್ತಪ್ರತಿಗಳು, ಮಾಲಿ ದೇಶದ ಟಿಂಬಕ್ಟೂವಿನ ಇಸ್ಲಾಮಿಕ್ ಹಸ್ತಪ್ರತಿಗಳು.

ಒಂದು ಕಾಲೇಜು ಆವರಣದ ಕ್ಯಾಥೊಲಿಕ್ ಸನ್ಯಾಸಿಗಳು ಮುಸ್ಲಿಮರ ಹಸ್ತಪ್ರತಿಗಳನ್ನು ಕಾಪಾಡುತ್ತಿದ್ದಾರೆ ಅನ್ನುವುದನ್ನು ನಾನು ಹೋದಲ್ಲೆಲ್ಲ ಹೇಳುತ್ತೇನೆ. ಇದು ಮೂರು ವರ್ಷದ ಪ್ರಾಜೆಕ್ಟ್ ಅನುದಾನದಲ್ಲಿ ಮುಗಿಯುವ ಕೆಲಸವಲ್ಲ. 1965ರಲ್ಲಿ ಶುರುವಾದದ್ದು ಇನ್ನೂ ನಡೆಯುತ್ತಿದೆ. ಊರು ಬಿಟ್ಟು ಹೋಗುವುದಿಲ್ಲ ಅಂತ ವ್ರತ ಮಾಡಿದವರು ಹಿಂದೆ ನಿಂತಿದ್ದರು, ಅದಕ್ಕೇ ನಡೆಯಿತು ಅಂತ ನನ್ನ ಲೆಕ್ಕ.

ವಿದ್ಯಾರ್ಥಿಗಳು ಮಾತ್ರ ನಾಲ್ಕೇ ವರ್ಷ ಇರುವವರು. ಅವರಿಂದಲೂ ಇಂಥ ಕೆಲಸ ಆಗುತ್ತದಾ? ವರ್ಮಾಂಟ್ ರಾಜ್ಯದ ಸೇಂಟ್ ಮೈಕೆಲ್ಸ್ ಕಾಲೇಜಿನಲ್ಲಿ 1969ರಲ್ಲಿ ಒಂದು ಅಗ್ನಿಶಾಮಕ ಮತ್ತು ಆಂಬ್ಯುಲೆನ್ಸ್ ದಳ ಶುರುವಾಯಿತು. ಅದರಲ್ಲಿ ವಿದ್ಯಾರ್ಥಿಗಳೇ ಸ್ವಯಂಸೇವಕರು. ಕಾಲೇಜಿನೊಳಗೆ ಮಾತ್ರವಲ್ಲ, ಸುತ್ತಲಿನ ಊರುಗಳ ತುರ್ತು ಕರೆಗೂ ಹೋಗುತ್ತಾರೆ. ಹತ್ತೊಂಬತ್ತು ಇಪ್ಪತ್ತರ ಮಕ್ಕಳು. ರಾತ್ರಿ ಎರಡಕ್ಕೆ ಯಾರದೋ ಎದೆನೋವಿಗೆ ಓಡಿ, ಬೆಳಿಗ್ಗೆ ಕ್ಲಾಸಿನಲ್ಲಿ ತೂಕಡಿಸುವ ಹುಡುಗನನ್ನು ಬೈಯಲು ಯಾವ ಮೇಷ್ಟ್ರಿಗೆ ಬಾಯಿ ಬರುತ್ತದೆ ಹೇಳಿ. ಹಳಬರು ಹೊಸಬರಿಗೆ ಕಲಿಸಿ ಹೋಗುತ್ತಾರೆ, ದಳ ಮುಂದುವರಿಯುತ್ತದೆ.

ಬರೀ ಹೊಗಳುತ್ತಿದ್ದೇನೆ ಅನ್ನಿಸುತ್ತಿರಬೇಕು. ಈಗ ನನ್ನ ಕಾಲೇಜಿನ ಹೆಸರು ಯಾಕೆ ಹೇಳಲಿಲ್ಲ ಅನ್ನುವುದಕ್ಕೆ ಬರುತ್ತೇನೆ.

ಸಣ್ಣ ಕಡೆ ಬಚ್ಚಿಟ್ಟುಕೊಳ್ಳಲು ಜಾಗ ಇರುವುದಿಲ್ಲ. ಒಬ್ಬ ಹುಡುಗನನ್ನು ನಾನು ಬೆಳಿಗ್ಗೆ ಫೇಲ್ ಮಾಡಿದೆ. ಮಧ್ಯಾಹ್ನ ಊಟದ ಸಾಲಿನಲ್ಲಿ ಅವನು ನನ್ನ ಮುಂದೆ. ಸಂಜೆ ಲೈಬ್ರರಿ ಕೌಂಟರಿನಲ್ಲಿ ಪುಸ್ತಕಕ್ಕೆ ಸೀಲ್ ಹಾಕಿಕೊಟ್ಟವನೂ ಅವನೇ. ಏಳು ಗಂಟೆಗೆ ಕಾಯರ್‌ನಲ್ಲಿ ನನ್ನ ಪಕ್ಕ ನಿಂತವನೂ ಅವನೇ. ನಾನು ಒಂದು ಸಾಲು ಮುಂಚೆಯೇ ಬಾಯಿ ತೆರೆದೆ. ಅವನು ಮೆಲ್ಲಗೆ, ‘ಇನ್ನೂ ಇಲ್ಲ ಸರ್’ ಅಂದ. ಆ ದನಿಯಲ್ಲಿ ಸ್ವಲ್ಪ ಖುಷಿ ಇತ್ತು ಅಂತ ಇವತ್ತಿಗೂ ನನ್ನ ಅನುಮಾನ.

ಇದು ತಮಾಷೆ. ತಮಾಷೆಯಲ್ಲದ್ದೂ ಇದೆ. ಮೂರನೇ ವರ್ಷದ ಕೊನೆಗೆ ನನ್ನ ಕರಾರು ಮುಂದುವರಿಸುವುದಿಲ್ಲ ಅಂತ ತೀರ್ಮಾನವಾಯಿತು. ಅದು ನನಗೆ ಗೊತ್ತಾಗುವ ಮೂರು ದಿನ ಮೊದಲೇ ಅಂಚೆ ಕೋಣೆಯವರಿಗೆ ಗೊತ್ತಿತ್ತು. ಎಲ್ಲರೂ ಇದ್ದಕ್ಕಿದ್ದಂತೆ ನನ್ನ ಜೊತೆ ತುಂಬಾ ಪ್ರೀತಿಯಿಂದ ಮಾತಾಡಲು ಶುರು ಮಾಡಿದರು. ಕೇಕ್ ಬಂತು. ಯಾಕೆಂದು ನನಗೆ ಅರ್ಥವಾಗಲಿಲ್ಲ. ‘ನಾವೆಲ್ಲ ಒಂದು ಕುಟುಂಬ’ ಅನ್ನುವ ಮಾತನ್ನು ಇಂಥ ಕಾಲೇಜುಗಳಲ್ಲಿ ದಿನಾ ಕೇಳುತ್ತೀರಿ. ಕುಟುಂಬ ಅಂದಮೇಲೆ ಕುಟುಂಬದ ಕೆಟ್ಟ ಚಾಳಿಗಳೂ ಇರುತ್ತವೆ. ಮುಖದ ಮುಂದೆ ಹೇಳಬೇಕಾದ್ದನ್ನು ಯಾರೂ ಹೇಳುವುದಿಲ್ಲ. ಸಂಬಳ ಕೇಳಿದರೆ ದುರಾಸೆ ಅನ್ನಿಸಿಕೊಳ್ಳುತ್ತದೆ.

ಸಂಬಳದ ಮಾತು ಬಂತಲ್ಲ, ಅದನ್ನು ಬಿಟ್ಟರೆ ಈ ಕಥೆಯೇ ಸುಳ್ಳಾಗುತ್ತದೆ. ಈ ಕಾಲೇಜುಗಳಿಗೆ ಮೊದಲಿನಿಂದಲೂ ದೊಡ್ಡ ದತ್ತಿನಿಧಿ ಇರಲಿಲ್ಲ. ನಡೆದದ್ದು ಹೇಗೆ? ಸಿಸ್ಟರ್‌ಗಳು, ಫಾದರ್‌ಗಳು ಸಂಬಳವಿಲ್ಲದೆ ದುಡಿದರು, ಇಲ್ಲವೇ ಬಂದ ಸಂಬಳವನ್ನು ಕಾಲೇಜಿಗೇ ವಾಪಸು ಕೊಟ್ಟರು. ಲೆಕ್ಕದ ಪುಸ್ತಕದಲ್ಲಿ ಅದನ್ನು ದಾನ ಅಂತ ಬರೆಯುತ್ತಿದ್ದರು. ಇವರನ್ನು ‘ಜೀವಂತ ದತ್ತಿನಿಧಿ’ ಅಂತ ಕರೆಯುವ ರೂಢಿಯೇ ಇತ್ತು. ಕೇಳಲು ಚೆನ್ನಾಗಿದೆ. ಆದರೆ ಬ್ಯಾಂಕಿನ ನಿಧಿಗೆ ವಯಸ್ಸಾಗುವುದಿಲ್ಲ, ಜೀವಂತ ನಿಧಿಗೆ ಆಗುತ್ತದೆ.

1965ರಲ್ಲಿ ಅಮೆರಿಕದಲ್ಲಿ ಸುಮಾರು 1,80,000 ಕನ್ಯಾಸ್ತ್ರೀಯರಿದ್ದರು. ಈಗ 40,000ಕ್ಕಿಂತ ಕಡಿಮೆ, ಅವರಲ್ಲಿ ಹೆಚ್ಚಿನವರು ಎಪ್ಪತ್ತು ದಾಟಿದವರು. ಅವರು ಮಾಡುತ್ತಿದ್ದ ಒಂದೊಂದು ಕೆಲಸಕ್ಕೂ ಈಗ ಸಂಬಳ ಕೊಟ್ಟು ಜನ ಇಡಬೇಕು. ಒಬ್ಬ ಸಿಸ್ಟರ್ ಪಾಠ, ಲೈಬ್ರರಿ, ಹಾಸ್ಟೆಲ್, ಬಕೆಟ್ ಎಲ್ಲ ನಿಭಾಯಿಸುತ್ತಿದ್ದರು. ಅದಕ್ಕೆ ಈಗ ನಾಲ್ಕು ಹುದ್ದೆ. ಆ ದುಡ್ಡು ಫೀಸಿನಿಂದ ಬರಬೇಕು, ಫೀಸು ಕಟ್ಟುವ ಮಕ್ಕಳ ಸಂಖ್ಯೆಯೂ ಇಳಿಯುತ್ತಿದೆ.

ಇಮ್ಯಾಕ್ಯುಲಾಟದ ಆಟಕ್ಕೆ ಆದದ್ದೂ ಹೀಗೇ. ಅವರ ಮೊದಲ ಗೆಲುವಿನ ಮೂರು ತಿಂಗಳ ನಂತರ, 1972ರ ಜೂನ್‌ನಲ್ಲಿ, ಶಿಕ್ಷಣದಲ್ಲಿ ಹೆಣ್ಣು ಗಂಡೆಂಬ ಭೇದ ಮಾಡಬಾರದು ಅನ್ನುವ ಕಾನೂನು ಬಂತು. ಟೈಟಲ್ ನೈನ್ ಅನ್ನುತ್ತಾರೆ. ಒಳ್ಳೆಯ ಕಾನೂನು, ಬರಲೇಬೇಕಿತ್ತು. ಅದರ ಹಿಂದೆ ಹೆಣ್ಣುಮಕ್ಕಳ ಆಟಕ್ಕೂ ಸ್ಕಾಲರ್‌ಶಿಪ್ ಬಂತು, ದೊಡ್ಡ ವಿಶ್ವವಿದ್ಯಾಲಯಗಳು ದುಡ್ಡು ಸುರಿದವು. 1975 ಮತ್ತು 1976ರ ಫೈನಲ್ಲುಗಳಲ್ಲಿ ಇಮ್ಯಾಕ್ಯುಲಾಟ ಡೆಲ್ಟಾ ಸ್ಟೇಟ್ ಎದುರು ಸೋತಿತು. ಕ್ಯಾಥಿ ರಶ್ 1977ರಲ್ಲಿ ಬಿಟ್ಟರು. ಆಮೇಲೆ ಟೂತ್‌ಬ್ರಷ್ ಮಾರಿ ಮುಟ್ಟುವ ಎತ್ತರದಲ್ಲಿ ಆ ಕಪ್ ಇರಲಿಲ್ಲ. ಆದರೆ ಆ ಹುಡುಗಿಯರೇ ಕೋಚ್‌ಗಳಾಗಿ ದೇಶದ ತುಂಬ ಹೋದರು. ತೆರೇಸಾ ಶ್ಯಾಂಕ್, ಮದುವೆಯ ನಂತರ ಗ್ರೆಂಟ್ಜ್, 1992ರ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಮಹಿಳಾ ತಂಡದ ಕೋಚ್. ಮೇರಿಯಾನ್ ಸ್ಟಾನ್ಲಿ ಓಲ್ಡ್ ಡೊಮಿನಿಯನ್ ತಂಡಕ್ಕೆ ಮೂರು ರಾಷ್ಟ್ರೀಯ ಪ್ರಶಸ್ತಿ ಗೆದ್ದುಕೊಟ್ಟರು. 2014ರಲ್ಲಿ ಆ ಇಡೀ ತಂಡವನ್ನು ಬಾಸ್ಕೆಟ್‌ಬಾಲ್ ಹಾಲ್ ಆಫ್ ಫೇಮ್‌ಗೆ ಸೇರಿಸಿದರು.

ಕಾಲೇಜುಗಳು ಮುಚ್ಚುತ್ತಿರುವುದನ್ನು ಬೇಗ ಹೇಳಿ ಮುಗಿಸುತ್ತೇನೆ, ಹೇಳಲು ಬೇಜಾರು. ನ್ಯೂಯಾರ್ಕ್ ರಾಜ್ಯದ ಆಲ್ಬನಿಯ ಕಾಲೇಜ್ ಆಫ್ ಸೇಂಟ್ ರೋಸ್ ಶುರುವಾದದ್ದು ಇಮ್ಯಾಕ್ಯುಲಾಟದ ವರ್ಷವೇ, 1920ರಲ್ಲಿ. 2024ರಲ್ಲಿ ಮುಚ್ಚಿತು. ಅದೇ ವರ್ಷ ಪೆನ್ಸಿಲ್ವೇನಿಯಾದ ಕಬ್ರಿನಿ ಮುಚ್ಚಿತು. 2025ರಲ್ಲಿ ಸೇಂಟ್ ಲೂಯಿಸ್‌ನ ಫಾಂಟ್‌ಬಾನ್. ಮೂರನ್ನೂ ಕಟ್ಟಿದವರು ಸಿಸ್ಟರ್‌ಗಳು. ಕಬ್ರಿನಿಯ ಜಾಗವನ್ನು ಪಕ್ಕದ ವಿಲನೋವ ವಿಶ್ವವಿದ್ಯಾಲಯ ತೆಗೆದುಕೊಂಡಿತು. ಅದೂ ಕ್ಯಾಥೊಲಿಕ್ಕೇ, ಆದರೆ ದೊಡ್ಡದು.

ಇಮ್ಯಾಕ್ಯುಲಾಟ ಇನ್ನೂ ನಡೆಯುತ್ತಿದೆ. ಈಗ ಅದು ವಿಶ್ವವಿದ್ಯಾಲಯ, 2005ರಿಂದ ಹುಡುಗರನ್ನೂ ಸೇರಿಸಿಕೊಳ್ಳುತ್ತಾರೆ.

ನಾನು ಫೇಲ್ ಮಾಡಿದ ಆ ಹುಡುಗ ಮುಂದಿನ ಸೆಮಿಸ್ಟರಿನಲ್ಲಿ ಪಾಸಾದ. ಪೇಪರ್ ವಾಪಸು ಕೊಡುವಾಗ ‘ಈಗ ಸರಿ’ ಅಂದೆ. ಅವನು ನಕ್ಕ. ಸಂಜೆ ಕಾಯರ್‌ನಲ್ಲಿ ಅವನು ಅದೇ ಮಾತನ್ನು ನನಗೆ ಹೇಳಲಿಲ್ಲ. ಹೇಳುವಂಥದ್ದು ಆಗಿರಲಿಲ್ಲ.

ಪ್ರಶ್ನೆಗಳಿದ್ದರೆ ಕೇಳಿ.